ನಮ್ಮವರು ಬೇಕೆ? ಕರಡು ತಿದ್ದಲು ಬನ್ನಿ!

(ಕಾಲೇಜು ಕನ್ನಡ ಸಂಘವೊಂದರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಬೆಂಗಳೂರಿಗೆ ಓದಲು ಬಂದ ಮಕ್ಕಳ ಬಾಯಲ್ಲಿ ಒಂದು ಮಾತನ್ನು ಮೇಲಿಂದ ಮೇಲೆ ಕೇಳುತ್ತೇನೆ. “ಇಲ್ಲಿ ನಮ್ಮವರು ಅಂತ ಯಾರೂ ಇಲ್ಲ ಸಾರ್.” ತರಗತಿಯಲ್ಲಿ ಅರವತ್ತು ಜನ, ಹಾಸ್ಟೆಲಿನಲ್ಲಿ ಇನ್ನೂರು ಜನ. ಆದರೂ ಒಂಟಿ! ಒಂದೇ ಬಸ್ಸಿನಲ್ಲಿ ಕೂತವರೆಲ್ಲ ನೆಂಟರಾಗುತ್ತಾರೆಯೇ? ಕೂಡಿ ಕೆಲಸ ಮಾಡಿದವರು ಆಗುತ್ತಾರೆ. ಅಂಥ ಒಂದು ಕೆಲಸವನ್ನು ನಿಮ್ಮ ಮುಂದಿಡಲು ಬಂದಿದ್ದೇನೆ. ನಿಮ್ಮ ಕಾಲೇಜಿನಿಂದ ನೀವೇ ಒಂದು ಕನ್ನಡ ಅಧ್ಯಯನ ಪತ್ರಿಕೆ ತನ್ನಿ. ಪ್ರಾಂಶುಪಾಲರ ಫೋಟೋ, ನಗೆಹನಿ ತುಂಬಿದ ವಾರ್ಷಿಕ ಸಂಚಿಕೆಯ ಮಾತಲ್ಲ ಇದು. ನೀವು ಓದುತ್ತಿರುವ ಭೌತಶಾಸ್ತ್ರ, ಅರ್ಥಶಾಸ್ತ್ರ, ಇತಿಹಾಸವನ್ನು ನೀವೇ ಬರೆದು, ನೀವೇ ಪರೀಕ್ಷಿಸಿ, ನೀವೇ ಅಚ್ಚು ಹಾಕಿಸುವ ಪತ್ರಿಕೆ.

ಇದೇನು ಹೊಸದಲ್ಲ. ಇದೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿದರು. ಆ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಹೊರಟಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ಅದನ್ನು ವಹಿಸಿಕೊಂಡಿತು. ಒಂದು ಕಾಲೇಜು ಸಂಘದ ಪತ್ರಿಕೆ ನಾಡಿನ ವಿದ್ವತ್ತಿನ ಪತ್ರಿಕೆಯಾಯಿತು! ಅದಕ್ಕೂ ಒಂದು ವರ್ಷ ಮೊದಲು, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. ಬೆಳ್ಳಾವೆಯವರು ಭೌತಶಾಸ್ತ್ರ ಕಲಿಸುತ್ತಿದ್ದವರು. ಪತ್ರಿಕೆ ಬಹುಕಾಲ ಬದುಕಲಿಲ್ಲ. ಆದರೆ ವಿಜ್ಞಾನವನ್ನು ಕನ್ನಡದಲ್ಲಿ ಬರೆಯಬಹುದು ಎಂಬುದನ್ನು ನೂರು ವರ್ಷಗಳ ಹಿಂದೆಯೇ ತೋರಿಸಿಹೋಯಿತು. ಆಮೇಲೆ ಬಂದ ಜಿ. ಪಿ. ರಾಜರತ್ನಂ ಅವರು ‘ವಿದ್ಯಾರ್ಥಿ ವಿಚಾರ ವಿಲಾಸ’ ನಡೆಸಿ ಹುಡುಗರ ಕೈಯಲ್ಲಿ ಬರೆಸಿದರು. ಪುಸ್ತಕದ ಗಂಟು ತಾವೇ ಹೊತ್ತು ಮಾರಿದರು. ಮೇಷ್ಟರಿಗಿಲ್ಲದ ನಾಚಿಕೆ ನಮಗೇಕೆ?

ಇನ್ನು ಕೆಲಸದ ವಿಚಾರ. ಲೇಖನ ಬಂತು ಅನ್ನಿ. ಬರೆದವರ ಹೆಸರು ತೆಗೆದು ಇಬ್ಬರ ಕೈಗೆ ಕೊಡಿ. ಒಬ್ಬರು ಆ ವಿಷಯ ಓದುತ್ತಿರುವವರು, ಇನ್ನೊಬ್ಬರು ಅದರ ಗಂಧವೇ ಇಲ್ಲದವರು. ಮೊದಲನೆಯವರು ತಪ್ಪು ಹಿಡಿಯುತ್ತಾರೆ. ಎರಡನೆಯವರು “ನನಗೆ ಅರ್ಥವಾಗಲಿಲ್ಲ” ಅನ್ನುತ್ತಾರೆ. ಎರಡೂ ಬೇಕು. ಹೆಸರು ಮುಚ್ಚಿರುವುದರಿಂದ ಜಾತಿ, ಊರು, ಅಂಕ ಯಾವುದೂ ಅಡ್ಡ ಬರುವುದಿಲ್ಲ. ಹಿಂದಿನ ಬೆಂಚಿನ ಹುಡುಗಿಯ ಲೇಖನ ಮೊದಲ ಪುಟಕ್ಕೆ ಬರುವುದು ಹೀಗೆ.

ನಾನು ಕೂತಿದ್ದ ಒಂದು ವಿದ್ಯಾರ್ಥಿ ಪತ್ರಿಕೆಯ ಸಭೆಯಲ್ಲಿ ನಡೆದದ್ದು ಕೇಳಿ. ಕಾಲುವೆ ನೀರು ಹೆಚ್ಚಾಗಿ ಉಪ್ಪುಗಟ್ಟಿದ ಹೊಲಗಳ ಬಗ್ಗೆ ಲೇಖನ. ಬರೆದವನು ‘ಲವಣಯುಕ್ತ ಮೃತ್ತಿಕೆ’ ಎಂದು ಬರೆದಿದ್ದ. ಮಂಡ್ಯದ ಹುಡುಗ ಎದ್ದ: “ನಮ್ಮಪ್ಪ ಅದನ್ನ ಚೌಳು ಅಂತಾರೆ.” ರಾಯಚೂರಿನ ಹುಡುಗಿ ಬಿಡಲಿಲ್ಲ: “ನಮ್ಮ ಕಡಿ ಸವಳು ಅಂತೀವ್ರಿ.” ಒಂದು ಗಂಟೆ ವಾದ! ಕೊನೆಗೆ ಎರಡೂ ಉಳಿದವು, ಮೃತ್ತಿಕೆ ಹೋಯಿತು. ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ನೋಡದಿದ್ದ ಆ ಇಬ್ಬರೂ ಅಂದು ಸಂಜೆ ಒಂದೇ ಮೇಜಿನಲ್ಲಿ ಬೈಟು ಕಾಫಿ ಕುಡಿಯುತ್ತಾ ತಮ್ಮ ತಮ್ಮ ಅಪ್ಪಂದಿರ ಹೊಲದ ಮಾತಾಡುತ್ತಿದ್ದರು. ಒಂದು ಪದಕ್ಕಾಗಿ ಜಗಳವಾಡಿದವರು ಬೇಗ ಬೇರೆಯಾಗುವುದಿಲ್ಲ, ನೋಡಿ.

“ಇದರಿಂದ ಕೆಲಸ ಸಿಗುತ್ತಾ?” ಎಂದು ಕೇಳುವಿರಿ. ಕೇಳಬೇಕಾದದ್ದೇ. ನೇರವಾಗಿ ಸಿಗದಿರಬಹುದು. ಆದರೆ ಇನ್ನೊಬ್ಬರ ಬರಹವನ್ನು ನೋಯಿಸದೆ ತಿದ್ದುವುದು, ತನ್ನ ಬರಹಕ್ಕೆ ಬಿದ್ದ ಕೆಂಪು ಗೆರೆಯನ್ನು ಸಹಿಸುವುದು, ಹೇಳಿದ ದಿನಕ್ಕೆ ಪುಟ ಮುಗಿಸುವುದು, ಇವನ್ನು ಯಾವ ಟ್ಯೂಷನ್ನಿನಲ್ಲಿ ಕಲಿಸುತ್ತಾರೆ? ತಾನು ಓದಿದ್ದನ್ನು ತನ್ನ ತಾಯಿಗೆ ವಿವರಿಸಲಾಗದ ಪದವೀಧರ ಎಷ್ಟು ಕಲಿತಂತಾಯಿತು?

ಒಂದು ಎಚ್ಚರಿಕೆ. ಇಂಥ ಪತ್ರಿಕೆಗಳು ದುಡ್ಡಿಲ್ಲದೆ ಸಾಯುವುದಕ್ಕಿಂತ ಹೆಚ್ಚಾಗಿ ಜನವಿಲ್ಲದೆ ಸಾಯುತ್ತವೆ. ಉತ್ಸಾಹಿ ಸಂಪಾದಕ ಪರೀಕ್ಷೆ ಬರೆದು ಹೊರಟ, ಪತ್ರಿಕೆಯೂ ಹೊರಟಿತು! ಆದ್ದರಿಂದ ಕೊನೆಯ ವರ್ಷದವರ ಪಕ್ಕದಲ್ಲಿ ಮೊದಲ ವರ್ಷದವರನ್ನು ಕೂರಿಸಿ. ಒಪ್ಪಿದ ಪದಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಲೆಕ್ಕದ ಪುಸ್ತಕ ಎಲ್ಲರಿಗೂ ತೆರೆದಿರಲಿ. ವರ್ಷಕ್ಕೆ ಎರಡೇ ಸಂಚಿಕೆ ಸಾಕು. ಆದರೆ ತಪ್ಪಬಾರದು.

ಅಚ್ಚುಮೊಳೆ ಜೋಡಿಸುವ ಕಾಲ ಹೋಯಿತು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ‘ನುಡಿ’ ಇದೆ, ‘ಬರಹ’ ಇದೆ. ಪುಟ ಕಟ್ಟುವುದನ್ನು ನಾಲ್ಕು ದಿನದಲ್ಲಿ ಕಲಿಯಬಹುದು. ಮೊದಲ ಸಂಚಿಕೆಗೆ ಮೂವತ್ತೆರಡು ಪುಟ, ಐದು ಲೇಖನ, ಏಳು ಜನ ಸಾಕು. ಬರೆಯಲು ಬಾರದವರೂ ಬನ್ನಿ. ಕರಡು ಓದಲು ಕಣ್ಣು ಬೇಕು, ಪ್ರೆಸ್ಸಿಗೆ ಓಡಾಡಲು ಕಾಲು ಬೇಕು, ಚಂದಾ ಕೇಳಲು ಬಾಯಿ ಬೇಕು, ಲೆಕ್ಕ ಬರೆಯಲು ಕೈ ಬೇಕು.

ಗೆಳೆಯರೇ, ಸಂಘ ಸೇರಿ ಎಂದು ಯಾರಾದರೂ ಕರೆಯಲಿ ಎಂದು ಕಾಯಬೇಡಿ. ಈ ಶನಿವಾರ ತರಗತಿ ಮುಗಿದ ಮೇಲೆ ಒಂದು ಖಾಲಿ ಕೊಠಡಿ ಹುಡುಕಿ. ಒಂದು ಲೇಖನ, ಒಂದು ಕೆಂಪು ಪೆನ್ನು ಮೇಜಿನ ಮೇಲಿಡಿ. ಬಾಗಿಲು ಮಾತ್ರ ತೆರೆದಿರಲಿ.