ಕಲ್ಲಿನಂತಿರುವ ಗಿಡಗಳು



೧೮೧೧ನೆಯ ಇಸವಿಯಲ್ಲಿ ವಿಲಿಯಂ ಬರ್ಚೆಲ್ ಎಂಬ ಆಂಗ್ಲ ಪರಿಶೋಧಕನು ದಕ್ಷಿಣ ಆಫ್ರಿಕದ ಒಳನಾಡಿನಲ್ಲಿ ಎತ್ತಿನ ಬಂಡಿಯೊಡನೆ ಸಂಚರಿಸುತ್ತಿದ್ದನು. ಒಂದು ದಿನ ಪ್ರೀಸ್ಕಾ ಸೀಮೆಯಲ್ಲಿ, ಕಲ್ಲುಗಳ ನಡುವೆ ಸೋಜಿಗದ ಆಕಾರದ ಕಲ್ಲೊಂದನ್ನು ಕಂಡು ಬಗ್ಗಿ ಎತ್ತಿಕೊಂಡನು. ಕೈಗೆ ಬಂದುದು ಕಲ್ಲಲ್ಲ, ಗಿಡ! ಹೀಗೆ ಕಲ್ಲಿನ ವೇಷ ತಾಳಿರುವುದರಿಂದಲೇ ಈ ರಸಭರಿತ ಸಸ್ಯವು ದನಗಳ ಮತ್ತು ಕಾಡುಪ್ರಾಣಿಗಳ ಬಾಯಿಂದ ಪಾರಾಗುತ್ತಿರಬೇಕೆಂದು ಅವನು ಊಹಿಸಿ, ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟನು. ಎಲ್ಲಿ ದೊರೆಯಿತೆಂಬುದನ್ನೂ ಬರೆದಿಟ್ಟನು. ಈ ಕಡೆಯ ಮಾತನ್ನು ತಾವು ಸ್ವಲ್ಪ ನೆನಪಿನಲ್ಲಿಡಬೇಕು.

೧೯೨೨ರಲ್ಲಿ ಎನ್. ಇ. ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞನು ಈ ಕುಲಕ್ಕೆ ಲಿಥಾಪ್ಸ್ ಎಂದು ನಾಮಕರಣ ಮಾಡಿದನು. ಗ್ರೀಕ್ ಭಾಷೆಯಲ್ಲಿ ಕಲ್ಲಿನ ಮುಖದ್ದು ಎಂದು ಅರ್ಥ. ದಕ್ಷಿಣ ಆಫ್ರಿಕ, ನಮೀಬಿಯಗಳ ಒಣನಾಡುಗಳೇ ಮುಖ್ಯವಾಗಿ ಇದರ ತವರು.

ಇದಕ್ಕೆ ಕಾಣುವಂಥ ಕಾಂಡವಿಲ್ಲ, ಕೊಂಬೆಯಿಲ್ಲ. ಒಂದಕ್ಕೊಂದು ಅಂಟಿಕೊಂಡ ಎರಡು ದಪ್ಪ ಎಲೆಗಳು, ನಡುವೆ ಒಂದು ಸೀಳು; ಅಷ್ಟೇ ಗಿಡ. ಅದರಲ್ಲಿಯೂ ನೆತ್ತಿಯೊಂದನ್ನುಳಿದು ಮಿಕ್ಕುದೆಲ್ಲ ಮಣ್ಣಿನೊಳಗೆ. ಹಾಗಾದರೆ ಬಿಸಿಲಿನಿಂದ ಆಹಾರ ಪಡೆಯುವ ಬಗೆ ಹೇಗೆ? ನಮ್ಮ ಹಳೆಯ ಕಾಲದ ಮನೆಗಳ ನಡುಮನೆಗೆ ಮಾಡಿನಲ್ಲಿ ಒಂದು ಬೆಳಕಿಂಡಿಯನ್ನು ಇಡುತ್ತಿದ್ದರಷ್ಟೆ. ಈ ಗಿಡದ ನೆತ್ತಿಯೂ ಅಂಥದೇ. ಅಲ್ಲಿನ ಅರೆಪಾರದರ್ಶಕ ಭಾಗಗಳ ಮೂಲಕ ಬೆಳಕು ಒಳಗಿಳಿದು, ನೀರು ತುಂಬಿದ ತಿರುಳನ್ನು ಹಾಯ್ದು, ನೆಲದಡಿಯಲ್ಲಿರುವ ಎಲೆಯ ಹಸಿರು ಗೋಡೆಗಳನ್ನು ಮುಟ್ಟುತ್ತದೆ. ಹಗಲಿನ ಬೇಗೆಯಲ್ಲಿ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ಇರುಳಿನ ತಂಪಿನಲ್ಲಿ ತೆರೆದು ಅಂಗಾರಾಮ್ಲವಾಯುವನ್ನು ಸೆಳೆದುಕೊಳ್ಳುವ ಜಾಣತನವೂ ಇದಕ್ಕುಂಟು.

ವರ್ಷಕ್ಕೊಮ್ಮೆ ಸೀಳಿನೊಳಗೆ ಹೊಸ ಎಲೆಗಳ ಜೋಡಿಯೊಂದು ಹುಟ್ಟಿ, ಹಳೆಯ ಜೋಡಿಯ ನೀರನ್ನೇ ಹೀರಿ ಬೆಳೆಯುತ್ತದೆ. ಹಳೆಯವು ಕಾಗದದಂತೆ ಒಣಗಿ ಹೊರಪೊರೆಯಾಗುತ್ತವೆ. ಆಗ ನೀರೆರೆಯುವುದು ದ್ರೋಹ. ಇದನ್ನರಿಯದೆ, ಸ್ನೇಹಿತರೊಬ್ಬರು ಕೊಟ್ಟ ಗಿಡಕ್ಕೆ ನಾನು ತುಳಸಿಗೆ ಎರೆಯುವಂತೆ ದಿನವೂ ನೀರೆರೆದು, ಅದನ್ನು ಕೊಳೆಯಿಸಿಬಿಟ್ಟೆನು. ಬದುಕಿದ್ದರೆ ಅದೇ ಸೀಳಿನಿಂದ ಹಳದಿಯ ಅಥವಾ ಬಿಳಿಯ ಹೂವೊಂದು ಮಧ್ಯಾಹ್ನದ ಮೇಲೆ ಅರಳುತ್ತಿದ್ದಿತು. ಬೀಜಕೋಶವು ಒದ್ದೆಯಾದಾಗ ಮಾತ್ರ ಬಾಯಿ ತೆರೆಯುತ್ತದೆ. ಮಳೆಹನಿಯ ಪೆಟ್ಟಿಗೆ ಬೀಜಗಳು ಸಿಡಿದು ಚದರುತ್ತವೆ.

ಒಂದೊಂದು ನೆಲೆಯ ಗಿಡವು ಆ ನೆಲೆಯ ಕಲ್ಲಿನ ಬಣ್ಣವನ್ನೇ ತಾಳಿರುವುದು ಸಾಮಾನ್ಯ. ಸಂಗ್ರಹಕಾರರ ಆಸೆಯನ್ನು ಕೆರಳಿಸಿರುವುದೂ ಈ ವೈವಿಧ್ಯವೇ. ೨೦೧೯ರಿಂದೀಚೆಗೆ ದಕ್ಷಿಣ ಆಫ್ರಿಕದಲ್ಲಿ ರಸಭರಿತ ಸಸ್ಯಗಳ ಕಳ್ಳತನವು ವಿಪರೀತವಾಗಿ ಬೆಳೆದಿದೆ. ಲಿಥಾಪ್ಸಿನ ದಾಯಾದಿಯಾದ, ಗುಂಡಿಯಷ್ಟು ಚಿಕ್ಕದಾದ ಕೊನೊಫೈಟಮ್ ಅದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಬಲಿಯಾಗಿದೆ. ಗುಡ್ಡದಿಂದ ಕಿತ್ತ ಗಿಡಗಳು ಅಂತರ್ಜಾಲದ ಅಂಗಡಿಗಳಲ್ಲಿ ಬಿಕರಿಯಾಗಿ, ಅಂಚೆಯಲ್ಲಿ ದೂರದ ದೇಶಗಳನ್ನು ಸೇರುತ್ತವೆ. ಲಿಥಾಪ್ಸನ್ನು ಬೀಜದಿಂದ ಕುಂಡದಲ್ಲಿಯೇ ಬೆಳೆಸಬಹುದು. ಆದರೆ ಕೆಲವು ವರ್ಷ ಕಾಯಬೇಕು. ಕಾಯಲು ಒಲ್ಲದವರಿಗೆ ಗುಡ್ಡ ಅಗ್ಗ.

ದನದ ಕಣ್ಣನ್ನು ತಪ್ಪಿಸಿಕೊಂಡ ಗಿಡಕ್ಕೆ ನಮ್ಮ ಕಣ್ಣನ್ನು ತಪ್ಪಿಸಿಕೊಳ್ಳುವುದು ಸಾಧ್ಯವಾಗಲಿಲ್ಲ. ಕಂಡುದನ್ನೆಲ್ಲ ಹೇಳುವುದೇ ಕಸುಬಾದ ನನ್ನಂತಹ ಉಪಾಧ್ಯಾಯನಿಗೆ ಒಂದು ಸಂಗತಿ ಮಾತ್ರ ಕಸಿವಿಸಿಯನ್ನುಂಟುಮಾಡುತ್ತದೆ. ಇಂತಹ ಗಿಡವು ಹೊಸದಾಗಿ ಎಲ್ಲಿಯಾದರೂ ಗೋಚರಿಸಿದರೆ, ಇಂದಿನ ಎಷ್ಟೋ ಸಸ್ಯಶಾಸ್ತ್ರಜ್ಞರು ಅದರ ರೂಪವನ್ನು ವಿವರಿಸುತ್ತಾರೆ, ಅಳತೆಯನ್ನು ಕೊಡುತ್ತಾರೆ, ಚಿತ್ರವನ್ನೂ ಅಚ್ಚುಮಾಡಿಸುತ್ತಾರೆ. ಬರ್ಚೆಲ್ಲನು ನಿಸ್ಸಂಕೋಚವಾಗಿ ಬರೆದಿಟ್ಟ ಸ್ಥಳದ ಹೆಸರನ್ನು ಮಾತ್ರ ಬಿಟ್ಟುಬಿಡುತ್ತಾರೆ.