ಸ್ಟಾರ್ಟ್ ಆಗದ ಕಾರು ಮತ್ತು ಎಡಗೈಯ ಮೂರು ಬೆರಳು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ. ಭಾಷಣಕಾರರು 2004ರ ಎಸ್‌ಎಸ್‌ಎಲ್‌ಸಿ ತಂಡದವರು; ಬಿ.ಇ. ಪದವೀಧರರು, ಸಾಫ್ಟ್‌ವೇರ್ ಇಂಜಿನಿಯರ್.)



"ಇಂಜಿನಿಯರ್ ಆಗಿದ್ದೀಯ, ಮಕ್ಕಳಿಗೆ ನಾಲ್ಕು ಮಾತು ಹೇಳು" ಎಂದು ಸಮಿತಿಯವರು ಕರೆದರು. ಸಾಧನೆ ಅಂತ ಹೇಳಿಕೊಳ್ಳುವಂಥದ್ದು ನನ್ನಲ್ಲಿ ಹೆಚ್ಚಿಲ್ಲ. ಕಳೆದ ಆಯುಧಪೂಜೆಗೆ ಊರಿಗೆ ಬಂದಾಗ ನಮ್ಮ ಮನೆ ಅಂಗಳದಲ್ಲಿ ನಡೆದದ್ದನ್ನೇ ಹೇಳಿಬಿಡುತ್ತೇನೆ.

ಕಾರು ತೊಳೆದು, ಹೂವಿನ ಹಾರ ಹಾಕಿ, ಪೂಜೆ ಮಾಡಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಯಿತು. ಬೂದುಗುಂಬಳ ಒಡೆದ ಅಪ್ಪ "ಹೂಂ, ಹತ್ತಿಸು" ಅಂದರು. ನಾನು ಕೀ ತಿರುಗಿಸಿದೆ. "ಟಕ್" ಅಂತ ಒಂದೇ ಸದ್ದು. ಮತ್ತೆ ತಿರುಗಿಸಿದೆ, ಮತ್ತೆ ಟಕ್. ಕೊನೆಗೆ ಬೀದಿಯ ಹುಡುಗರು ತಳ್ಳಿದರು, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ, ಇಂಜಿನ್ ಎದ್ದಿತು. ನಿಂಬೆಹಣ್ಣು ಅಪ್ಪಚ್ಚಿಯಾದದ್ದು ಹುಡುಗರ ರಟ್ಟೆಯ ಬಲದಿಂದ. "ಬೆಂಗಳೂರಿನ ಇಂಜಿನಿಯರ್ ಕಾರು ತಳ್ಳಿ ಸ್ಟಾರ್ಟ್ ಮಾಡಬೇಕಾಯ್ತಲ್ಲ" ಅಂತ ಪಕ್ಕದ ಮನೆಯ ಅಜ್ಜ ನಕ್ಕರು.

ನಗುವಷ್ಟಕ್ಕೆ ಮುಗಿದಿದ್ದರೆ ಪರವಾಗಿರಲಿಲ್ಲ. ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಮೂರನೇ ದಿನ ಬೆಳಿಗ್ಗೆ ಜಿಲ್ಲಾ ಕೇಂದ್ರದಲ್ಲಿ ಡಾಕ್ಟರಿಗೆ ತೋರಿಸಬೇಕಿತ್ತು. ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿದರೆ ಅಲ್ಲಿ ಯಾರು ತಳ್ಳುತ್ತಾರೆ? ವಿಜಯದಶಮಿಯ ಮರುದಿನ ಪೇಟೆಯ ಮೆಕ್ಯಾನಿಕ್ಕರನ್ನು ಕೇಳಿದರೆ, ಕೈತುಂಬ ಕೆಲಸ, ನಾಲ್ಕು ದಿನ ಬೇಕು ಅಂದರು. ಸ್ಟಾರ್ಟರ್ ಮೋಟಾರು ಮಾತ್ರ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕಿತು. ಅದನ್ನು ಹಾಕುವ ಕೆಲಸ ನನ್ನ ತಲೆಗೇ ಬಂತು.

ಪಂಪ್‌ಸೆಟ್ ಮನೆಯ ಗೋಡೆಗಿರುವ ಸ್ಟಾರ್ಟರ್ ಡಬ್ಬ ನಿಮಗೆಲ್ಲ ಗೊತ್ತು. ಕಾರಿನ ಸ್ಟಾರ್ಟರ್ ಅದಲ್ಲ, ಅದೇ ಒಂದು ಮೋಟಾರು. ಪೆಟ್ರೋಲ್ ಇಂಜಿನ್ ತನ್ನಷ್ಟಕ್ಕೆ ತಾನೇ ಏಳಲಾರದು. ಮೊದಲ ಸುತ್ತನ್ನು ಯಾರಾದರೂ ತಿರುಗಿಸಿಕೊಡಬೇಕು. ಹಿಂದೆ ಕಾರಿಗೆ, ಲಾರಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದುದನ್ನು ಹಿರಿಯರು ನೋಡಿರುತ್ತೀರಿ. ಅದು ಹಿಂದಕ್ಕೆ ಹೊಡೆದರೆ ಕೈಯೇ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮಾಡಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಆ ಮೇಲೆ ನಿಧಾನವಾಗಿ ಹ್ಯಾಂಡಲ್ ಮೂಲೆ ಸೇರಿತು.

ಕೆಟ್ಟದ್ದು ಮೋಟಾರೇ ಅಂತ ಮೊದಲು ಖಚಿತ ಮಾಡಿಕೊಳ್ಳಬೇಕಿತ್ತು. ಹೆಡ್‌ಲೈಟ್ ಜೋರಾಗಿ ಉರಿಯುತ್ತಿತ್ತು. ಮಲ್ಟಿಮೀಟರ್ ಇಟ್ಟರೆ ಬ್ಯಾಟರಿ 12.5 ವೋಲ್ಟ್ ತೋರಿಸಿತು, ಕೀ ತಿರುಗಿಸಿದಾಗಲೂ ಹೆಚ್ಚು ಇಳಿಯಲಿಲ್ಲ. ಮೋಟಾರು ತಿರುಗುವಾಗ ನೂರು ಆಂಪಿಯರ್‌ಗೂ ಮೀರಿ ಕರೆಂಟು ಎಳೆಯುತ್ತದೆ, ಆಗ ವೋಲ್ಟ್ ಇಳಿಯಲೇಬೇಕು. ಇಳಿಯದಿದ್ದರೆ ಮೋಟಾರಿನೊಳಗೆ ಕರೆಂಟು ಹೋಗುತ್ತಿಲ್ಲ ಅಂತ ಅರ್ಥ. ಸ್ಪ್ಯಾನರಿನಿಂದ ಮೋಟಾರಿನ ಮೈಗೆ ಮೆಲ್ಲಗೆ ತಟ್ಟಿ ನೋಡಿದೆ. ಒಂದು ಸಲ ತಿರುಗಿತು, ಮತ್ತೆ ಮಲಗಿತು.

ಟಾರ್ಚ್ ಹಿಡಿಯಲು ಬಂದವಳು ನನ್ನ ಅಕ್ಕನ ಮಗಳು. ಇದೇ ಶಾಲೆಯಲ್ಲಿ ಹತ್ತನೇ ತರಗತಿ. ಅವಳು ಒಂದೊಂದಕ್ಕೂ "ಯಾಕೆ ಮಾವ?" ಅಂತ ಕೇಳುತ್ತಿದ್ದಳು.

ಬ್ಯಾಟರಿಯ ಮೈನಸ್ ತಂತಿ ಮೊದಲು ಬಿಚ್ಚಿದೆ. ಯಾಕೆ? ಕಾರಿನ ಇಡೀ ಮೈಗೆ ಮೈನಸ್ ಜೋಡಿಸಿರುತ್ತದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಮೈಗೆ ತಗುಲಿದರೆ ಕಿಡಿ ಹಾರಿ ಕೈ ಸುಡುತ್ತದೆ. ಜೋಡಿಸುವಾಗ ಮೈನಸ್ ಕೊನೆಗೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದೆ ಜಾಕ್ ಏರಿಸಿ, ಗಟ್ಟಿ ಸ್ಟ್ಯಾಂಡ್ ಇಟ್ಟೆ. ಮಕ್ಕಳೇ, ಬರೀ ಜಾಕ್ ನಂಬಿ ಕಾರಿನ ಕೆಳಗೆ ಯಾರೂ ಹೋಗಬಾರದು. ನಾನೂ ಅವಳನ್ನು ಕೆಳಗೆ ಬಿಡಲಿಲ್ಲ.

ಮೋಟಾರಿಗೆ ಎರಡು ತಂತಿ. ಬ್ಯಾಟರಿಯಿಂದ ನೇರ ಬರುವ ದಪ್ಪ ತಂತಿ ಒಂದು, ಕೀ ಕಡೆಯಿಂದ ಬರುವ ಸಣ್ಣ ತಂತಿ ಇನ್ನೊಂದು. ಸಣ್ಣ ತಂತಿಯ ಕರೆಂಟು ಮೋಟಾರಿನ ಮೇಲಿರುವ ಸೊಲೆನಾಯ್ಡನ್ನು ವಿದ್ಯುತ್ಕಾಂತ ಮಾಡುತ್ತದೆ. ಅದು ಸಣ್ಣ ಹಲ್ಲುಚಕ್ರವನ್ನು ಮುಂದೆ ದೂಡಿ ಇಂಜಿನ್ನಿನ ದೊಡ್ಡ ಹಲ್ಲುಚಕ್ರಕ್ಕೆ ಸೇರಿಸಿ, ದಪ್ಪ ತಂತಿಯ ದಾರಿಯನ್ನೂ ತೆರೆಯುತ್ತದೆ. ಆ "ಟಕ್" ಸದ್ದು ಇದರದ್ದೇ.

ಎರಡು ಬೋಲ್ಟಿನಲ್ಲಿ ಒಂದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ಗಂಟೆ ಕಾದು ಬಿಚ್ಚಿದೆ, ಗೆಣ್ಣು ತರಚಿತು. ಹೊಸದನ್ನು ಕೂರಿಸುವ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿದೆ, ಮೋಟಾರಿಗೆ ಮೈನಸ್ ಸಿಗುವುದು ಆ ಲೋಹದಿಂದಲೇ. ಎಲ್ಲ ಬಿಗಿ ಮಾಡಿ ಕೀ ತಿರುಗಿಸಿದೆ. ಏನೂ ಇಲ್ಲ. ಕತ್ತಲಾಗುತ್ತಿತ್ತು. ಅಮ್ಮ ಬಾಗಿಲಲ್ಲಿ ಕಪ್ಪು ಕನ್ನಡಕ ಹಾಕಿ ನಿಂತಿದ್ದರು. ಹೊಸ ಮೋಟಾರೇ ಸರಿಯಿಲ್ಲ ಅಂತ ಅಂಗಡಿಯವರಿಗೆ ಫೋನು ಮಾಡಲು ಹೊರಟೆ.

ಆಗ ಆ ಹುಡುಗಿ ಹೇಳಿದಳು: "ಮಾವ, ಮೊದಲು ಟಕ್ ಅಂತಾದರೂ ಅನ್ನುತ್ತಿತ್ತು, ಈಗ ಅದೂ ಇಲ್ಲ. ಸಣ್ಣ ತಂತಿ ಹಾಕಿದ್ದೀರಾ?"

ಹಾಕಿರಲಿಲ್ಲ. ಅದು ಪಕ್ಕದಲ್ಲಿ ನೇತಾಡುತ್ತಿತ್ತು. ಮತ್ತೆ ಮೈನಸ್ ಬಿಚ್ಚಿ, ಆ ತಂತಿ ಸಿಕ್ಕಿಸಿ, ಮೈನಸ್ ಜೋಡಿಸಿ ಕೀ ತಿರುಗಿಸಿದರೆ ಅರ್ಧ ಸುತ್ತಿಗೇ ಇಂಜಿನ್ ಎದ್ದಿತು. ಮರುದಿನ ಅಮ್ಮನನ್ನು ಹೊತ್ತಿಗೆ ಸರಿಯಾಗಿ ಕರೆದುಕೊಂಡು ಹೋದೆ. ಕಣ್ಣು ಚೆನ್ನಾಗಿದೆ. ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ.

ಆ ರಾತ್ರಿ ಹಳೆಯ ಮೋಟಾರು ಬಿಚ್ಚಿದೆವು. ಒಳಗಿನ ಕಾರ್ಬನ್ ಕುಂಚಗಳು ಸವೆದು ಮೋಟಾಗಿದ್ದವು. ಅವಳು ಎಡಗೈ ಚಾಚಿ, ತೋರುಬೆರಳು ಕಾಂತಕ್ಷೇತ್ರ, ನಡುಬೆರಳು ವಿದ್ಯುತ್ತು, ಹೆಬ್ಬೆರಳು ಚಲನೆ ಅಂತ ಫ್ಲೆಮಿಂಗ್ ನಿಯಮ ಒಪ್ಪಿಸಿದಳು. ಆಮೇಲೆ ಮೋಟಾರಿನೊಳಗೆ ನೋಡುತ್ತಾ, "ಹಾಗಾದರೆ ಇದು ನಿಜ!" ಅಂದಳು.

ಆ ಮಾತು ನನಗೆ ತಾಗಿತು. ನಾನೂ ಇದೇ ಶಾಲೆಯಲ್ಲಿ ಆ ನಿಯಮ ಬರೆದು ಅಂಕ ತೆಗೆದುಕೊಂಡವನು. ನಮ್ಮ ವಿಜ್ಞಾನದ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಮೋಟಾರು ಎಷ್ಟು ಚೆಂದ ಬರೆಯುತ್ತಿದ್ದರು! ತೋರಿಸಲು ಅವರ ಕೈಯಲ್ಲಿ ಮೋಟಾರು ಇರಲಿಲ್ಲ, ಅದು ಅವರ ತಪ್ಪಲ್ಲ. ಆದರೆ ಬಿ.ಇ. ಮುಗಿಸಿದ ನಾನು ಮೂವತ್ತು ದಾಟುವವರೆಗೆ ಒಂದು ಮೋಟಾರನ್ನೂ ಬಿಚ್ಚಿ ನೋಡಿರಲಿಲ್ಲ ಅನ್ನುವುದು ನಾಚಿಕೆಯ ಸಂಗತಿ.

ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಸ್ವಲ್ಪ ಬಿಡುತ್ತೇನೆ ಅಂದಿದ್ದರು ಅಂಗಡಿಯವರು. ಕೊಡಲಿಲ್ಲ. ಇದೋ, ಈ ಮೇಜಿನ ಮೇಲಿದೆ. ತೊಳೆದು ತಂದಿದ್ದೇನೆ, ಇನ್ನು ಇದು ಶಾಲೆಯ ಪ್ರಯೋಗಾಲಯದ್ದು. ಗೆಳೆಯರೇ, ನಿಮ್ಮ ಮನೆಯಲ್ಲೂ ಸುಟ್ಟ ಮಿಕ್ಸಿ, ನಿಂತ ಫ್ಯಾನು, ಹಳೆಯ ಪಂಪು ಬಿದ್ದಿರುತ್ತದೆ. ಗುಜರಿಗೆ ಹಾಕುವ ಮೊದಲು ಮೇಷ್ಟ್ರನ್ನು ಒಮ್ಮೆ ಕೇಳಿ. ಗುರುಗಳಲ್ಲಿ ನನ್ನದೊಂದೇ ವಿನಂತಿ: ದಯವಿಟ್ಟು ಇದನ್ನು ಗಾಜಿನ ಬೀರುವಿನಲ್ಲಿ ಇಡಬೇಡಿ. ಮಕ್ಕಳು ಬಿಚ್ಚಲಿ, ಕೈ ಮಸಿಯಾಗಲಿ. ಒಂದೆರಡು ಸ್ಕ್ರೂ ಕಳೆದರೆ ನಾನು ತಂದುಕೊಡುತ್ತೇನೆ.

ಕಾರ್ಯಕ್ರಮ ಮುಗಿದ ಮೇಲೆ ಇಲ್ಲೇ ಇರುತ್ತೇನೆ. ಸ್ಪ್ಯಾನರ್ ತಂದಿದ್ದೇನೆ, ಆಸೆಯಿದ್ದವರು ಬನ್ನಿ.