ಹಳೆಯ ಕಾರಿಗೆ ಹೊಸ ಮೀಟರು



ಮಾಸ್ತಿ ಎಂದ ಕೂಡಲೇ ನಾಡಿನ ಜನಕ್ಕೆ ಸಣ್ಣಕಥೆ ನೆನಪಾಗುತ್ತದೆ. ಇವತ್ತಿನ ಮಾತು ಕಥೆಯದಲ್ಲ, ಆ ಹೆಸರಿನ ಊರಿನ ರಸ್ತೆಯಲ್ಲಿ ಓಡಾಡುವ ಕಾರುಗಳದು. ಮಾಸ್ತಿಯಿಂದ ಒಂದು ಕಡೆ ಹೋದರೆ ಹೊಸೂರು. ಅಲ್ಲಿ ಟಿವಿಎಸ್, ಅಶೋಕ್ ಲೇಲ್ಯಾಂಡ್ ಕಾರ್ಖಾನೆಗಳು. ಇನ್ನೊಂದು ಕಡೆ ಮಾಲೂರು ದಾಟಿ ಮುಂದಕ್ಕೆ ಹೋದರೆ ನರಸಾಪುರ. ಅಲ್ಲಿ 2013ರಿಂದ ಹೋಂಡಾದವರ ದ್ವಿಚಕ್ರ ವಾಹನಗಳು ತಯಾರಾಗುತ್ತಿವೆ. ಸ್ಕೂಟರುಗಳ ಮುಖ ಈ ಹತ್ತು ವರ್ಷದಲ್ಲಿ ಬದಲಾಗಿಬಿಟ್ಟಿದೆ. 2018ರಲ್ಲಿ ಬಂದ ಟಿವಿಎಸ್ ಎನ್‌ಟಾರ್ಕ್‌ನ ಮೀಟರು ಬ್ಲೂಟೂತ್ ಮೂಲಕ ಮೊಬೈಲಿಗೆ ಜೋಡಣೆಯಾಗುತ್ತಿತ್ತು. ಮಗನ ಸ್ಕೂಟರಿನಲ್ಲಿ ಅಂಕಿ ಮಿನುಗುತ್ತದೆ, ಅಪ್ಪನ ಹತ್ತು ಹನ್ನೆರಡು ವರ್ಷದ ಕಾರಿನಲ್ಲಿ ಇನ್ನೂ ಮುಳ್ಳು ಆಡುತ್ತದೆ. ಹಾಗಾಗಿ ಮನೆಯಲ್ಲಿ ಒಂದು ಮಾತು ಏಳುತ್ತದೆ: “ಅಪ್ಪಾ, ನಮ್ಮ ಗಾಡಿಗೂ ಡಿಜಿಟಲ್ ಮೀಟರ್ ಹಾಕಿಸೋಣ.”

ಹಾಕಿಸಬಹುದು. ಆದರೆ ಏನನ್ನು, ಎಲ್ಲಿ, ಹೇಗೆ ಎಂಬುದರಲ್ಲಿ ಎಲ್ಲ ಇದೆ.

ಮೊದಲು ಆ ಮುಳ್ಳು ಹೇಗೆ ಆಡುತ್ತದೆ ಎಂದು ನೋಡೋಣ. 1902ರಲ್ಲಿ ಜರ್ಮನಿಯ ಓಟೋ ಶುಲ್ಜೆ ಎಂಬ ಎಂಜಿನಿಯರು ಪೇಟೆಂಟ್ ಪಡೆದ ಉಪಾಯ ಅದು. ಗೇರ್‌ಬಾಕ್ಸಿನಿಂದ ಒಂದು ಕೇಬಲ್ ತಿರುಗುತ್ತಾ ಮೀಟರಿನವರೆಗೆ ಬರುತ್ತದೆ. ಅದರ ತುದಿಯಲ್ಲಿ ಒಂದು ಆಯಸ್ಕಾಂತ. ಆಯಸ್ಕಾಂತದ ಸುತ್ತ, ತಾಗದ ಹಾಗೆ, ಒಂದು ಅಲ್ಯುಮಿನಿಯಂ ಬಟ್ಟಲು. ಆಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿವಿದ್ಯುತ್ ಹುಟ್ಟಿ ಅದನ್ನೂ ತನ್ನ ಜೊತೆ ಎಳೆಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗು ಅದನ್ನು ತಡೆಯುತ್ತದೆ. ಈ ಎಳೆದಾಟದಲ್ಲಿ ಮುಳ್ಳು ನಿಲ್ಲುವ ಜಾಗವೇ ವೇಗ. ಅಂಬಾಸಿಡರು, 1983ರ ಕೊನೆಯಲ್ಲಿ ರಸ್ತೆಗಿಳಿದ ಮಾರುತಿ 800, ಎರಡರಲ್ಲೂ ಕೆಲಸ ಮಾಡಿದ್ದು ಇದೇ ಉಪಾಯ. ಬ್ಯಾಟರಿ ಸತ್ತರೂ ಈ ಮೀಟರು ಸಾಯುವುದಿಲ್ಲ. ಹಳೆಯದೆಂದು ಅದನ್ನು ಹಗುರವಾಗಿ ನೋಡಬೇಕಾಗಿಲ್ಲ.

ಆಮೇಲಿನ ಕಾರುಗಳಲ್ಲಿ ಕೇಬಲ್ ಹೋಗಿ ಸೆನ್ಸರು ಬಂತು. ಎಂಜಿನ್ನನ್ನು ನಡೆಸುವುದಕ್ಕೆ ಒಂದು ಸಣ್ಣ ಕಂಪ್ಯೂಟರು ಬಂತು. ಮೆಕ್ಯಾನಿಕ್ಕುಗಳು ಅದನ್ನು ಇಸಿಎಂ ಎನ್ನುತ್ತಾರೆ. ವೇಗ, ಎಂಜಿನ್ನಿನ ಸುತ್ತು, ಕೂಲೆಂಟಿನ ಬಿಸಿ ಎಲ್ಲವೂ ಅದಕ್ಕೆ ಗೊತ್ತು. ಒಳಗಿನ ಪೆಟ್ಟಿಗೆಗಳು ಎರಡೇ ತಂತಿಗಳ ಮೇಲೆ ಒಂದರೊಡನೊಂದು ಮಾತಾಡುವ ಪದ್ಧತಿಯನ್ನು ಬಾಷ್ ಕಂಪನಿ 1986ರಲ್ಲಿ ಹೊರತಂದಿತು. ಅದರ ಹೆಸರು ಕ್ಯಾನ್. ಈ ಮಾತನ್ನು ಹೊರಗಿನವರು ಕೇಳಿಸಿಕೊಳ್ಳಲು ಸ್ಟೀರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನ ಒಂದು ಕಪ್ಲರ್ ಇರುತ್ತದೆ. ಅದೇ ಒಬಿಡಿ ಪೋರ್ಟು. ಸರ್ವೀಸಿಗೆ ಬಿಟ್ಟಾಗ ಸ್ಕ್ಯಾನರ್ ಹಾಕುವುದು ಅಲ್ಲಿಗೇ. ಅಮೆರಿಕದಲ್ಲಿ ಇದು 1996ರಲ್ಲೇ ಎಲ್ಲ ಕಾರುಗಳಿಗೂ ಕಡ್ಡಾಯವಾಯಿತು. ನಮ್ಮಲ್ಲಿ 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಬಿಎಸ್-4 ಹೊಗೆ ನಿಯಮ ಬಂದಾಗ ಅದರ ಜೊತೆ ಒಬಿಡಿಯೂ ಬಂತು; 2013ರಿಂದ ಎರಡನೆಯ ಹಂತದ ಒಬಿಡಿ. ನಿಮ್ಮ ಕಾರು 2013ರ ನಂತರದ್ದಾದರೆ, ಬಗ್ಗಿ ನೋಡಿ, ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ.

ಅಂಗಡಿಯಲ್ಲಿ ಡಿಜಿಟಲ್ ಮೀಟರ್ ಎಂದು ಕೇಳಿದರೆ ಮೂರು ಬೇರೆ ಬೇರೆ ವಸ್ತುಗಳನ್ನು ತೋರಿಸುತ್ತಾರೆ. ಹಳೆಯ ಮೀಟರು ಬೋರ್ಡನ್ನೇ ಬಿಚ್ಚಿ ಆ ಜಾಗದಲ್ಲಿ ಕೂರಿಸುವ ದೊಡ್ಡ ಪರದೆ ಒಂದು. ಮಧ್ಯದಲ್ಲಿ ಸ್ಟೀರಿಯೋ ಇದ್ದ ಕಡೆ ಬರುವ ಆಂಡ್ರಾಯ್ಡ್ ಟಚ್ ಸ್ಕ್ರೀನ್ ಇನ್ನೊಂದು. ಮೂರನೆಯದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಒಬಿಡಿ ಪೋರ್ಟಿಗೆ ಚುಚ್ಚಿ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸುವ ಪುಟ್ಟ ಪರದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಮೂರೂ ಒಂದೇ ಸಾಲಿನಲ್ಲಿ ಸಿಗುತ್ತವೆ.

ಮೊದಲನೆಯದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಣ್ಣಿಗೆ ಅದೇ ಚೆಂದ, ನಿಜ. ಆದರೆ ಹಳೆಯ ಮೀಟರು ಬೋರ್ಡು ಬರೀ ವೇಗ ತೋರಿಸುವ ಹಲಗೆಯಲ್ಲ. ಗಾಡಿ ಎಷ್ಟು ಕಿಲೋಮೀಟರು ಓಡಿದೆ ಎಂಬ ಲೆಕ್ಕ ಅದರ ಹೊಟ್ಟೆಯಲ್ಲಿದೆ. ಏರ್‌ಬ್ಯಾಗ್, ಎಬಿಎಸ್, ಆಯಿಲ್ ಪ್ರೆಷರ್, ಇವುಗಳ ಎಚ್ಚರಿಕೆ ದೀಪಗಳು ಅಲ್ಲಿವೆ. ಕೆಲವು ಕಾರುಗಳಲ್ಲಿ ಕೀಲಿಯ ಗುರುತು ಹಿಡಿಯುವ ಇಮ್ಮೊಬಿಲೈಸರ್ ಕೂಡ ಅದರೊಳಗೇ ಸೇರಿಕೊಂಡಿದೆ. ಬೋರ್ಡು ಬಿಚ್ಚಿದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಹೊಸ ಪರದೆ ಹಾಕಿ ಕಿಲೋಮೀಟರು ಸೊನ್ನೆಯಿಂದ ಶುರುವಾದರೆ, ನಾಳೆ ಮಾರುವ ದಿನ ಕೊಳ್ಳುವವನು ನಿಮ್ಮನ್ನು ನಂಬುತ್ತಾನೆಯೆ? ಕಾನೂನೂ ಇದೆ. ಕೇಂದ್ರ ಮೋಟಾರು ವಾಹನ ನಿಯಮ 117ರ ಪ್ರಕಾರ ಚಾಲಕನಿಗೆ ವೇಗ ತೋರಿಸುವ ಸ್ಪೀಡೋಮೀಟರು ಕಾರಿನಲ್ಲಿ ಇರಲೇಬೇಕು. ಪರದೆ ದಾರಿಯಲ್ಲಿ ಕಪ್ಪಾಯಿತೆಂದರೆ ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ. ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು 70 ಡಿಗ್ರಿ ದಾಟಬಲ್ಲದು; ಅಗ್ಗದ ಎಲ್‌ಸಿಡಿ ಪರದೆಗಳು ಕಪ್ಪಾಗುವುದು ಅಲ್ಲಿಯೇ.

ಪುಟ್ಟ ಪರದೆಯ ವಿಚಾರಕ್ಕೆ ಬರೋಣ. ಹಾಕಿದ ಮೊದಲ ದಿನವೇ ಜನ ತಬ್ಬಿಬ್ಬಾಗುತ್ತಾರೆ. ಮುಳ್ಳು 80 ತೋರಿಸುತ್ತಿದೆ, ಪರದೆ 76 ಎನ್ನುತ್ತಿದೆ, ಮೊಬೈಲಿನ ಮ್ಯಾಪು 75 ಎನ್ನುತ್ತಿದೆ. ಮಾಲು ಕೆಟ್ಟದ್ದು ಎಂದು ಅಂಗಡಿಗೆ ವಾಪಸು ಓಡುತ್ತಾರೆ. ಮಾಲು ಕೆಟ್ಟಿರುವುದಿಲ್ಲ. ಸ್ಪೀಡೋಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು ಎಂಬುದು ವಾಹನ ತಯಾರಕರಿಗೆ ಇರುವ ಕಟ್ಟು. ಹೆಚ್ಚು ತೋರಿಸಬಹುದು, ಅದಕ್ಕೂ ಮಿತಿ ಇದೆ. ವಿಶ್ವಸಂಸ್ಥೆಯ 39ನೆಯ ವಾಹನ ನಿಯಮದಲ್ಲಿ ಆ ಮಿತಿ ನಿಜವೇಗದ ಹತ್ತನೇ ಒಂದು ಭಾಗ ಮತ್ತು ಅದರ ಮೇಲೆ 4 ಕಿಲೋಮೀಟರು. ಅಂದರೆ ಕಾರು ನಿಜವಾಗಿ 80ರಲ್ಲಿ ಓಡುತ್ತಿದ್ದರೆ ಮುಳ್ಳು 92ರವರೆಗೆ ತೋರಿಸಿದರೂ ತಪ್ಪಲ್ಲ. ಟೈರು ಸವೆದಷ್ಟೂ, ಗಾತ್ರ ಬದಲಾದಷ್ಟೂ ಲೆಕ್ಕ ಮತ್ತೆ ಅತ್ತಿತ್ತ ಆಗುತ್ತದೆ. ಹಾಗಾಗಿ ಕಂಪನಿಯವರು ಮುಳ್ಳನ್ನು ಬೇಕೆಂದೇ ಸ್ವಲ್ಪ ಮುಂದಿಟ್ಟಿರುತ್ತಾರೆ. ಪರದೆ ಇಸಿಎಂ ಕೊಟ್ಟ ಅಂಕಿಯನ್ನು ನೇರವಾಗಿ ಬರೆಯುತ್ತದೆ. ಮೊಬೈಲು ಉಪಗ್ರಹದಿಂದ ಎಣಿಸುತ್ತದೆ. ಮೂವರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ಇದನ್ನು ತಿಳಿದುಕೊಂಡು ಮಾಲೂರಿನ ಪಕ್ಕದ ಹೊಸ ಎಕ್ಸ್‌ಪ್ರೆಸ್‌ವೇನಲ್ಲಿ “ನನ್ನ ನಿಜವೇಗ ಕಡಿಮೆಯೇ ಇದೆ” ಎಂದು ಒತ್ತಬೇಡಿ. ಪೆಡಲಿನ ವಿಚಾರದಲ್ಲಿ ಮುಳ್ಳಿನ ಮಾತೇ ಇರಲಿ.

ಹಾಗಾದರೆ ಪರದೆಯಿಂದ ಏನು ಲಾಭ? ವೇಗಕ್ಕೋಸ್ಕರ ಅದನ್ನು ಹಾಕಿಸುವುದು ದಂಡ. ಲಾಭ ಇರುವುದು ಎರಡು ಅಂಕಿಗಳಲ್ಲಿ: ಕೂಲೆಂಟಿನ ಬಿಸಿ, ಬ್ಯಾಟರಿಯ ವೋಲ್ಟು.

ಈಚಿನ ಎಷ್ಟೋ ಸಣ್ಣ ಕಾರುಗಳಲ್ಲಿ ಬಿಸಿ ತೋರಿಸುವ ಮುಳ್ಳನ್ನೇ ತೆಗೆದುಬಿಟ್ಟಿದ್ದಾರೆ. ತಣ್ಣಗಿದ್ದರೆ ಒಂದು ನೀಲಿ ದೀಪ, ಕಾದುಹೋದರೆ ಒಂದು ಕೆಂಪು ದೀಪ. ನಡುವೆ ಏನಾಗುತ್ತಿದೆ ಎಂದು ಹೇಳುವವರಿಲ್ಲ. ಮುಳ್ಳಿರುವ ಕಾರುಗಳಲ್ಲೂ ಅದು ಬಹುಪಾಲು ಹೊತ್ತು ಮಧ್ಯದಲ್ಲೇ ಅಂಟಿಕೊಂಡಿರುವಂತೆ ಮಾಡಿರುತ್ತಾರೆ, ಜನ ಸುಮ್ಮನೆ ಗಾಬರಿಯಾಗದಿರಲಿ ಎಂದು. ಪರದೆಯಲ್ಲಾದರೆ 88, 91, 94 ಎಂದು ಡಿಗ್ರಿಯಲ್ಲೇ ಕಾಣುತ್ತದೆ. ಕೋಲಾರದ ಕಡೆಯವರಿಗೆ ಇದು ಎಲ್ಲಿ ಬೇಕಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮುಳಬಾಗಿಲು, ಪಲಮನೇರು, ಚಿತ್ತೂರು ದಾಟಿ ತಿರುಪತಿ. ಅಲ್ಲಿಂದ ಬೆಟ್ಟ. ಐದು ಜನ, ಸಾಮಾನು, ಏಸಿ, ಎರಡನೇ ಗೇರು. ಬೆಟ್ಟ ಹತ್ತುವಾಗ ಅಂಕಿ 90ರಿಂದ 97ಕ್ಕೆ ಏರಿ, ಫ್ಯಾನು ತಿರುಗಿದ ಮೇಲೆ 92ಕ್ಕೆ ಇಳಿದರೆ ಗಾಡಿ ಆರೋಗ್ಯವಾಗಿದೆ. ಇಳಿಯದೆ 104, 107, 110 ಎಂದು ಹತ್ತುತ್ತಲೇ ಇದ್ದರೆ ಏಸಿ ಆರಿಸಿ, ಪಕ್ಕಕ್ಕೆ ನಿಲ್ಲಿಸಿ. ಹೋಸ್ ಒಡೆದಿರಬಹುದು, ಫ್ಯಾನಿನ ಫ್ಯೂಸ್ ಹೋಗಿರಬಹುದು. ಕೆಂಪು ದೀಪ ಹತ್ತುವವರೆಗೂ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಕೆಲಸ ಬರುತ್ತದೆ, ಅದರ ಬಿಲ್ಲು ಇಂಥ ಹತ್ತಾರು ಪರದೆಗಳ ಬೆಲೆ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿಯಲ್ಲಿ ತೆರೆಯಬೇಡಿ.

ವೋಲ್ಟು ಇನ್ನೂ ಸುಲಭ. ಗಾಡಿ ನಿಂತಿರುವಾಗ ಚೆನ್ನಾಗಿರುವ ಬ್ಯಾಟರಿ 12.6ರ ಹತ್ತಿರ ಇರುತ್ತದೆ. ಎಂಜಿನ್ ಓಡುವಾಗ 13.8ರಿಂದ 14.4. ಓಡುವಾಗಲೂ 12ರಲ್ಲೇ ಇದ್ದರೆ ಆಲ್ಟರ್ನೇಟರು ಚಾರ್ಜ್ ಮಾಡುತ್ತಿಲ್ಲ. ಹೆಡ್‌ಲೈಟು ಹಾಕಿಕೊಂಡು ರಾತ್ರಿ ದೂರ ಹೊರಡಬೇಡಿ. ಹೊಸ ಮಾದರಿಯ ಕೆಲವು ಕಾರುಗಳಲ್ಲಿ ಆಲ್ಟರ್ನೇಟರು ಇಂಧನ ಉಳಿಸಲು ಆಗಾಗ ವಿಶ್ರಾಂತಿ ತೆಗೆದುಕೊಳ್ಳುತ್ತದೆ, ಅಲ್ಲಿ ಅಂಕಿ ಏರಿಳಿದರೆ ಹೆದರಬೇಕಿಲ್ಲ.

ಇನ್ನು ಕೂರಿಸುವ ಕೆಲಸ. ಒಬಿಡಿ ಪರದೆಯನ್ನು ಪೋರ್ಟಿಗೆ ಚುಚ್ಚಿದರೆ ಸಾಕು, ವೈರು ಕತ್ತರಿಸುವ ಪ್ರಶ್ನೆಯೇ ಇಲ್ಲ. ಆದರೆ ಅದಕ್ಕೊಂದು ದುರ್ಗುಣವಿದೆ. ಆ ಪೋರ್ಟಿನ 16ನೆಯ ಪಿನ್ನಿಗೆ ಬ್ಯಾಟರಿಯ ಕರೆಂಟು ಯಾವಾಗಲೂ ಬರುತ್ತಿರುತ್ತದೆ, ಕೀ ತೆಗೆದರೂ. ಪರದೆ ನಿದ್ದೆ ಹೋಗದೆ 100 ಮಿಲಿಆಂಪಿಯರ್ ಕುಡಿಯುತ್ತಾ ಕೂತರೆ ದಿನಕ್ಕೆ 2.4 ಆಂಪಿಯರ್-ಅವರ್, ಹತ್ತು ದಿನಕ್ಕೆ 24. ಸಣ್ಣ ಕಾರಿನ ಬ್ಯಾಟರಿ ಇರುವುದೇ 35. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಕಾರನ್ನು ಮಾಸ್ತಿಯ ಮನೆಯ ಮುಂದೆ ಬಿಟ್ಟು ಹೋಗುವವರು ಹಬ್ಬಕ್ಕೆ ಬಂದು ಕೀ ತಿರುಗಿಸಿದರೆ ಟಕ್ ಎಂಬ ಸದ್ದು ಬಿಟ್ಟು ಮತ್ತೇನೂ ಬರುವುದಿಲ್ಲ. ಎಂಜಿನ್ ನಿಂತ ಮೇಲೆ ತಾನೇ ಆರುವ ಸೆಟ್ಟಿಂಗು ಇದೆಯೆ ಎಂದು ಕೊಳ್ಳುವಾಗಲೇ ಕೇಳಿ. ಕೆಲ ದಿನ ಗಾಡಿ ತೆಗೆಯುವುದಿಲ್ಲವೆಂದರೆ ಕಿತ್ತಿಡಿ. ಸರ್ವೀಸಿಗೆ ಬಿಡುವಾಗಲೂ ಕಿತ್ತಿಡಿ.

ಆಂಡ್ರಾಯ್ಡ್ ಸ್ಕ್ರೀನ್ ಆದರೆ ವೈರುಗಳ ಸಂಸಾರ ಶುರುವಾಗುತ್ತದೆ. ಅದರ ಹಿಂದೆ ಮುಖ್ಯವಾಗಿ ಮೂರು: ಹಳದಿಗೆ ಸದಾ ಬ್ಯಾಟರಿ ಲೈನು, ಕೆಂಪಿಗೆ ಕೀ ತಿರುಗಿಸಿದಾಗ ಬರುವ ಲೈನು, ಕಪ್ಪು ಅರ್ಥ್. ಇದು ಸ್ಟೀರಿಯೋದ ಬಣ್ಣ. ಕಾರಿನ ಒಳಗಿನ ವೈರುಗಳ ಬಣ್ಣಕ್ಕೂ ಇದಕ್ಕೂ ನಂಟಿಲ್ಲ. ಮುಖ್ಯವಾಗಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಹಳದಿ ಕೊಳವೆಯಲ್ಲೋ ಹಳದಿ ಕಪ್ಲರಿನಲ್ಲೋ ಬರುವುದು ಏರ್‌ಬ್ಯಾಗಿನ ಲೈನು. ಹಳದಿ ಕಂಡಿತೆಂದು ಟೆಸ್ಟ್ ಲ್ಯಾಂಪ್ ಚುಚ್ಚಿದರೆ ಏರ್‌ಬ್ಯಾಗು ಸಿಡಿಯಬಹುದು. ಪ್ಯಾನಲ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು ಸ್ವಲ್ಪ ಹೊತ್ತು ಕಾಯುವುದು ಅದಕ್ಕೇ.

ಬಹುಪಾಲು ಕಾರುಗಳಿಗೆ ಹೊಂದುವ ಕಪ್ಲರು ಬೇರೆಯಾಗಿ ಸಿಗುತ್ತದೆ. ಕೆಲಸ ಮಾಡುವವರನ್ನು ಮೊದಲೇ ಕೇಳಿಬಿಡಿ: “ಅಣ್ಣಾ, ವೈರ್ ಕಟ್ ಮಾಡ್ತೀರಾ?” ಕೆಲಸ ಬಲ್ಲವನಾದರೆ “ಕಪ್ಲರ್ ಐತಲ್ಲ ಸಾರ್, ಯಾಕ್ ಕಟ್ ಮಾಡ್ಲಿ” ಎನ್ನುತ್ತಾನೆ. ಹಲ್ಲಿನಿಂದ ವೈರು ಸುಲಿದು, ತಿರುಚಿ, ಕಪ್ಪು ಟೇಪು ಸುತ್ತುವವನ ಕೈಗೆ ಗಾಡಿ ಕೊಡಬೇಡಿ. ಬೇಸಿಗೆಯಲ್ಲಿ ಆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡ ಬ್ಯಾಟರಿ ಲೈನು ಕಬ್ಬಿಣಕ್ಕೆ ತಾಗಿದರೆ, ನಡುವೆ ಫ್ಯೂಸ್ ಇಲ್ಲದಿದ್ದರೆ, ಬೆಂಕಿ. ಕರೆಂಟು ತೆಗೆದ ಜಾಗದ ಹತ್ತಿರವೇ ಫ್ಯೂಸ್ ಇರಬೇಕು.

ಇನ್ನೊಂದು ಸಣ್ಣ ವೈರಿದೆ, ‘ಪಾರ್ಕಿಂಗ್’ ಎಂಬ ಚೀಟಿ ಅಂಟಿಸಿರುತ್ತಾರೆ. ಅದನ್ನು ಹ್ಯಾಂಡ್‌ಬ್ರೇಕ್ ಲೈನಿಗೆ ಸೇರಿಸಬೇಕು; ಬ್ರೇಕ್ ಎಳೆದಿದ್ದಾಗ ಮಾತ್ರ ವಿಡಿಯೋ ಬರಲಿ ಎಂಬ ಏರ್ಪಾಡು. ಎಷ್ಟೋ ಅಂಗಡಿಗಳಲ್ಲಿ ಅದನ್ನು ನೇರ ಅರ್ಥ್‌ಗೆ ಕಟ್ಟಿಬಿಡುತ್ತಾರೆ, ಗಿರಾಕಿ ಕೇಳುತ್ತಾನೆಂದು. ಟೊಮೆಟೊ ತುಂಬಿದ ಪಿಕಪ್ಪುಗಳು ಎದುರಿಗೆ ಬರುವ ರಸ್ತೆಯಲ್ಲಿ ಸಿನಿಮಾ ನೋಡುತ್ತಾ ಓಡಿಸುವುದಕ್ಕೆ ಇದು ಪರವಾನಗಿ ಕೊಟ್ಟ ಹಾಗೆ. ಹಾಗೆ ಕಟ್ಟಬೇಡ ಎಂದು ಹೇಳುವ ಹಕ್ಕು ನಿಮ್ಮದು.

ಹಳೆಯ ಕಾರ್ಬುರೇಟರ್ ಗಾಡಿ ಇರುವವರಿಗೆ ಒಬಿಡಿ ಪೋರ್ಟೇ ಇಲ್ಲ. ಉಪಗ್ರಹದಿಂದ ವೇಗ ಎಣಿಸುವ ಪರದೆ ಹಾಕಿಕೊಳ್ಳಬಹುದು, ಅದರಲ್ಲಿ ಬಿಸಿ ಕಾಣುವುದಿಲ್ಲ. ಬಿಸಿಯ ಮೀಟರು ಬೇಕೆಂದರೆ ಬೇರೆ ಸೆನ್ಸರು ಕೂರಿಸಬೇಕು. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ನು ಮಾಡಿಕೊಡುತ್ತಾನೆ.

ಎಲ್ಲಿ ಅಂಟಿಸಬೇಕು? ಏರ್‌ಬ್ಯಾಗ್ ಎಂದು ಬರೆದಿರುವ ಮುಚ್ಚಳದ ಮೇಲೆ ಬೇಡ. ಅದು ಸಿಡಿದಾಗ ಪರದೆ ಮುಖಕ್ಕೆ ಬಡಿಯುತ್ತದೆ. ರಸ್ತೆ ಮರೆಯಾಗುವ ಕಡೆಯೂ ಬೇಡ. ರಾತ್ರಿ ಬೆಳಕು ತಾನೇ ತಗ್ಗದಿದ್ದರೆ ಕೈಯಲ್ಲಿ ತಗ್ಗಿಸಿ. ಕಂಪನಿ ವಾರಂಟಿಯ ಅವಧಿ ಇರುವ ಹೊಸ ಗಾಡಿಯಾದರೆ ವೈರಿಗೆ ಕೈಹಾಕುವ ಮೊದಲು ಷೋರೂಮಿನವರನ್ನು ಕೇಳಿ. ಕತ್ತರಿಸಿದ ವೈರು ಕಂಡರೆ ವಾರಂಟಿಗೆ ತಕರಾರು ತೆಗೆಯುತ್ತಾರೆ.

ಮಾಲೂರಿನಲ್ಲಿ ಹಾಕಿಸಿ, ಹೊಸೂರಿನಲ್ಲಿ ಹಾಕಿಸಿ, ಗಾಡಿ ಒಳಗೆ ಬಿಡುವ ಮೊದಲು ಮೀಟರಿನಲ್ಲಿರುವ ಕಿಲೋಮೀಟರು ಬರೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಕೀ ತಿರುಗಿಸಿ ಏರ್‌ಬ್ಯಾಗ್ ದೀಪ ಹತ್ತಿ ಆರುವುದನ್ನು ಕಣ್ಣಾರೆ ನೋಡಿ, ಬಿಲ್ಲು ತೆಗೆದುಕೊಂಡು, ಆಮೇಲೆ ದುಡ್ಡು ಕೊಡಿ.